ಸೆಲ್ವಿಯ ಮೊದಲ ಭಾಗ

"ನಾನೇ ಬರ್ದಿದ್ದು ಅಕ್ಕಾ. ಇದು ಮೊದಲ್ನೇ ಭಾಗ, ಇನ್ನೂ ನಾಕು ಬತ್ತವೆ. ಮಕ್ಕಳ ಕೈಗೆ ಮಾತ್ರ ಕೊಡಬ್ಯಾಡಿ," ಎಂದು ಸೆಲ್ವಿ ಊಟದ ಚೀಲದಿಂದ ದಪ್ಪ ಕಾದಂಬರಿಯೊಂದನ್ನು ತೆಗೆದು ನನ್ನ ಮಡಿಲಲ್ಲಿಟ್ಟಳು. ನಮ್ಮ ಹಳೆ ಚಿನ್ನದ ಗಣಿಯೂರು ಉರಿಗಾಂನಿಂದ ಕಾರ್ಖಾನೆ ಬಸ್ಸಿನಲ್ಲಿ ದಿನಾ ನನ್ನ ಪಕ್ಕ ಕೂರುವವಳು. ಕಾದಂಬರಿ ಬರೆಯುತ್ತೇನೆಂದು ಹತ್ತು ವರ್ಷದಿಂದ ಹೇಳಿಕೊಂಡು ತಿರುಗಿದವಳು ಮಾತ್ರ ನಾನು!

ಹೊಟ್ಟೆ ಉರಿಯುತ್ತಲೇ ಓದಿದೆ. ಕಥೆ ನೆಲದಡಿಯ ರಾಜ್ಯವೊಂದರದು. ಗಣಿಗಿಳಿಯುವವರ ಗುರುತಿನ ಹಿತ್ತಾಳೆ ಬಿಲ್ಲೆಗಳು ಯಾರ ವಶವೋ, ಸಿಂಹಾಸನ ಅವರದು. ಅದಕ್ಕಾಗಿ ರಾಣಿ ಗಂಡನನ್ನೇ ಕೊಲ್ಲಿಸುತ್ತಾಳೆ.

ಮರುವಾರ ತಡೆಯಲಾಗದೆ ಕೇಳಿದೆ: "ಆ ಬಿಲ್ಲೆ ಯೋಚ್ನೆ ಎಲ್ಲಿಂದ ಬಂತೇ ನಿಂಗೆ?"

"ನಿಮ್ಮನೆಯಿಂದ್ಲೇ ಅಕ್ಕಾ. ಗಣಿಗಿಳೀತಿದ್ದ ನಿಮ್ಮ ತಾತನ ಬಿಲ್ಲೆ, ಬೀರು ಬೀಗದ್ಕೈಗೆ ಕಟ್ಟಿದ್ದೀರಲ್ಲ!"

ಈಗ ಬೀರು ತೆಗೆದಾಗಲೆಲ್ಲ ಆ ಬಿಲ್ಲೆ ಕೈ ಸುಡುತ್ತದೆ. ಕಾದಂಬರಿಯನ್ನು ಎರಡನೇ ಸಲ ಓದುತ್ತಿದ್ದೇನೆ, ತಪ್ಪು ಹುಡುಕಲು. ಇನ್ನೂ ಒಂದೂ ಸಿಕ್ಕಿಲ್ಲ.