ದಾದಾ ಈಮಾನಿನ ಪಾಠ ಹೇಳಿದ ಬೇಸಿಗೆ

ಆಗ ಕುವೈತಿನಲ್ಲಿ ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದವು. ಸಲ್ವಾದ ನಮ್ಮ ಕಟ್ಟಡದ ಬಿರುಕುಗಳಿಗೆ ಸಿಮೆಂಟು ಮೆತ್ತಿದ್ದರು, ಬಣ್ಣ ಮಾತ್ರ ಇನ್ನೂ ಬಳಿದಿರಲಿಲ್ಲ. ರಜೆಯಲ್ಲಿ ಊರಿಗೆ ಹೋಗದೆ ಉಳಿದ ನಮ್ಮಂಥ ಮಕ್ಕಳಿಗೆ ಮೆಟ್ಟಿಲೇ ಮೈದಾನ. ಹೊರಗೆ ಬಿಸಿಲಿಗೆ ಚಪ್ಪಲಿ ಕರಗುವ ಹಾಗಿರುತ್ತಿತ್ತು. ಒಳಗೆ ತಣ್ಣನೆಯ ಟೈಲ್ಸಿನ ಮೇಲೆ ಕೂತು ನಾನೂ ನಾಝ್ನೀನಳೂ ಕಲ್ಲಾಟ ಆಡುತ್ತಿದ್ದೆವು. ಒಂದು ಬಾಗಿಲಿನಿಂದ ಬಖೂರು ಧೂಪದ ಹೊಗೆ, ಇನ್ನೊಂದರಿಂದ ಮೀನು ಸಾರಿನ ವಾಸನೆ.

ನಾವು ಮಂಗಳೂರು ಕಡೆಯ ಬ್ಯಾರಿಗಳು. ಉಪ್ಪನಿಗೆ, ಎಂದರೆ ಅಪ್ಪನಿಗೆ, ಸಬ್ಹಾನಿನ ಗೋದಾಮಿನಲ್ಲಿ ಕೆಲಸ. ಮೇಲಿನ ಮಹಡಿಯ ನಾಝ್ನೀನಳ ಮನೆಯವರು ಬಿಜಾಪುರದವರು. ನಮ್ಮ ಬ್ಯಾರಿ ಭಾಷೆ ಅವರಿಗೆ ತಿಳಿಯದು, ಅವರ ಉರ್ದು ನಮ್ಮ ಉಮ್ಮನಿಗೆ, ಅಮ್ಮನಿಗೆ, ಬಾರದು. ಹಾಗಾಗಿ ಎರಡು ಮನೆಗಳ ನಡುವೆ ಮೆಟ್ಟಿಲು ಹತ್ತಿ ಇಳಿದದ್ದು ಕನ್ನಡ.

ಆ ಬೇಸಿಗೆ ನಾಝ್ನೀನಳ ಅಜ್ಜ ಕಣ್ಣಿನ ಪೊರೆ ತೆಗೆಸಲು ಬಂದಿದ್ದರು. ಎಲ್ಲರಿಗೂ ಅವರು ದಾದಾ. ಊರಲ್ಲಿ ಮದರಸದ ಮೇಷ್ಟ್ರಾಗಿದ್ದವರು. ಜಾಬ್ರಿಯಾದ ಆಸ್ಪತ್ರೆಯಲ್ಲಿ ಆಪರೇಷನ್ ಆದ ಮೇಲೆ ಓದುವಂತಿಲ್ಲ, ಸುಮ್ಮನೆ ಕೂರುವುದು ಅವರಿಂದಾಗದು. ಕಪ್ಪು ಕನ್ನಡಕ ಹಾಕಿಕೊಂಡು ನಮ್ಮನ್ನು ಕರೆದರು. "ಬರ್ರೆವಾ ಇಲ್ಲೆ. ನಾವು ಏನು ನಂಬ್ತೀವಿ, ಯಾಕ ನಂಬ್ತೀವಿ, ಒಂದೀಟು ಮಾತಾಡೋಣು."

ಪಾಠ ಬಾಯಿಮಾತಿನದು. ನಡುವೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಂದು ದಿನ ನಾನು ಉಮ್ಮ ಕಲಿಸಿದ್ದ ದೇವರ ಇಪ್ಪತ್ತು ಗುಣಗಳನ್ನು ಅವಳದೇ ರಾಗದಲ್ಲಿ ಹೇಳಿದೆ: ವುಜೂದ್, ಖಿದಮ್, ಬಖಾ... ಇರುವವನು, ಮೊದಲಿಲ್ಲದವನು, ಕೊನೆಯಿಲ್ಲದವನು. ದಾದಾ ತಲೆದೂಗಿದರು.

"ಇದು ಅಶ್‌ಅರಿ ದಾರಿಯ ಪಾಠ. ನಿಮ್ಮ ಕರಾವಳಿ ಕಡಿ ಇದೇ ನಡೀತದ. ನಮ್ಮದು ಮಾತುರೀದಿ ದಾರಿ. ನಿಮ್ಮದರ ಬೇರು ಬಸ್ರಾದಾಗ, ನಮ್ಮದರ ಬೇರು ಸಮರ್ಕಂದದಾಗ."

ನಂಬಿಕೆಗೂ ದಾರಿಗಳಿವೆ ಎಂದು ನಾನು ಕೇಳಿದ್ದು ಅದೇ ಮೊದಲು. ಬಸ್ರಾ ನಮ್ಮ ಉತ್ತರಕ್ಕೇ, ಗಡಿಯಾಚೆ ಇತ್ತು, ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿ. ಆದರೆ ಯುದ್ಧದ ನಂತರ ಗಡಿ ಮುಚ್ಚಿತ್ತು. ನನ್ನ ಪಾಠ ಹುಟ್ಟಿದ ಊರು ಇಷ್ಟು ಹತ್ತಿರದಲ್ಲಿದ್ದೂ ಹೋಗಲಾಗದಲ್ಲ ಎಂದು ಬೇಜಾರಾಯಿತು.

ಮರುದಿನ ಮೆಟ್ಟಿಲ ಮೇಲೆ ನಾಝ್ನೀನ್ ಟೀಚರಾದಳು. ಸ್ಕೇಲು ಹಿಡಿದು ಕೇಳಿದಳು, "ನೀನು ಮೂಮಿನ್ ಹೌದಾ? ನಂಬಿಕೆ ಇದೆಯಾ?"

"ಇನ್ಶಾ ಅಲ್ಲಾಹ್," ಎಂದೆ. ದೇವರಿಚ್ಛೆಯಿದ್ದರೆ ಹೌದು ಅಂತ. ಉಪ್ಪ ಹಾಗೆಯೇ ಹೇಳಿಕೊಟ್ಟಿದ್ದರು.

"ಇನ್ಶಾ ಅಲ್ಲಾಹ್ ಅಂದ್ರೆ ಏನು? ನಿಂಗೆ ಡೌಟ್ ಇದೆ! ಡೌಟ್ ಇದ್ರೆ ಈಮಾನೇ ಇಲ್ಲ!"

ನಾನು ಅಳುತ್ತ ಮನೆಗೆ ಓಡಿದೆ. ಮಧ್ಯಾಹ್ನ ಉಮ್ಮ ಮಾಡಿದ ಪತ್ತಿರ್ ಎಂಬ ಅಕ್ಕಿ ರೊಟ್ಟಿಯನ್ನು ಬಟ್ಟಲಲ್ಲೇ ಬಿಟ್ಟೆ. ನಿಜಕ್ಕೂ ನನ್ನೊಳಗೆ ನಂಬಿಕೆ ಇಲ್ಲದಿದ್ದರೆ? ಇದೆಯೋ ಇಲ್ಲವೋ ಎಂದು ನೋಡುವುದಾದರೂ ಹೇಗೆ? ಎದೆಯ ಮೇಲೆ ಕೈಯಿಟ್ಟರೆ ಡವಡವ ಮಾತ್ರ ಕೇಳುತ್ತಿತ್ತು.

ಸಂಜೆ ಉಪ್ಪನಿಗೆ ವಿಷಯ ತಿಳಿಯಿತು. ಅವರು ಗದರಲಿಲ್ಲ. ಮುಖ ಮಾತ್ರ ಕಪ್ಪಿಟ್ಟಿತು. "ಇನ್ನು ಮೇಲಿನ ಮನೆಗೆ ಹೋಗುವುದು ಬೇಡ. ಖಲಾಸ್."

ಆಮೇಲಿನ ದಿನಗಳು ಉದ್ದವಾದವು. ನಾಝ್ನೀನ್ ಒಬ್ಬಳೇ ಕಲ್ಲು ಎಸೆಯುವ ಸದ್ದು ಮೇಲಿನಿಂದ ಕೇಳುತ್ತಿತ್ತು. ನಾನು ಬಾಗಿಲಿಗೆ ಕಿವಿಯಿಟ್ಟು ಕೂರುತ್ತಿದ್ದೆ.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಬಾಗಿಲು ಬಡಿದ ಸದ್ದು. ದಾದಾ! ನೋಯುವ ಮೊಣಕಾಲಲ್ಲಿ ನಾಝ್ನೀನಳ ಹೆಗಲು ಹಿಡಿದು ಇಳಿದು ಬಂದಿದ್ದರು. ಉಪ್ಪ ಗಡಬಡಿಸಿ ಎದ್ದು ಕುರ್ಚಿ ಎಳೆದರು.

"ನಮ್ಮ ಹುಡುಗಿ ನಿಮ್ಮ ಹುಡುಗಿ ಮನಸ್ಸು ನೋಯಿಸ್ಯಾಳ," ಎಂದರು ದಾದಾ. "ಆದ್ರ ಮಾತು ಎತ್ಯಾಳಂದ್ರ ಅದನ್ನ ಮುಗಿಸೇ ಏಳೋಣು. ಮಗಳಿಗೆ ಇನ್ಶಾ ಅಲ್ಲಾಹ್ ಅನ್ನಾಕ ಯಾಕ ಹೇಳಿಕೊಟ್ರಿ?"

ಉಪ್ಪ ಅವರ ಎದುರು ಚಾಪೆಯ ಮೇಲೆ ಕೂತರು. "ಯುದ್ಧದ ಸಮಯ ಇಲ್ಲಿಂದ ಓಡಿ ಮರಳುಗಾಡಲ್ಲಿ ಕೂತಿದ್ದೆವು ದಾದಾ. ನೀರಿಗಾಗಿ ಒಳ್ಳೊಳ್ಳೆಯವರೇ ಹೊಡೆದಾಡಿಕೊಂಡದ್ದು ನೋಡಿದ್ದೇನೆ. ಮನುಷ್ಯ ಯಾವಾಗ ಏನಾಗ್ತಾನೋ. ಇವತ್ತು ನಂಬಿಕೆ ಉಂಟು. ಕೊನೆಯ ಉಸಿರಿನ ಹೊತ್ತಿಗೂ ಇರ್ತದೆ ಅಂತ ನನ್ನ ಬಲದಿಂದ ಹೇಳ್ಲಿಕ್ಕೆ ಆಗ್ತದಾ?"

"ಆಗಂಗಿಲ್ಲ," ಎಂದರು ದಾದಾ ಮೆಲ್ಲಗೆ. "ನೀವು ಕಡೀ ಗಳಿಗಿ ನೆನೆಸಿ ಇನ್ಶಾ ಅಲ್ಲಾಹ್ ಅಂತೀರಿ. ನಾವು ಈ ಗಳಿಗೀದು ಹೇಳ್ತೀವಿ. ಈಗ ಎದಿಯೊಳಗ ಏನೈತಿ ಅದನ್ನ ಗಟ್ಟಿಯಾಗಿ ಹೇಳು, ಹಿಂಜರೀಬ್ಯಾಡ ಅಂತ ನಮ್ಮ ಗುರುಗಳು ಕಲಿಸ್ಯಾರ."

"ಹಾಗಾದ್ರೆ ಯಾರು ಕರೆಕ್ಟ್?" ನಾಝ್ನೀನ್ ತಡೆಯಲಾರದೆ ಕೇಳಿದಳು.

"ಅವರು ಕೇಳಿಕೊಂಡ ಪ್ರಶ್ನಿ ಬ್ಯಾರೆ, ನಾವು ಕೇಳಿಕೊಂಡದ್ದು ಬ್ಯಾರೆ. ಉತ್ತರ ಒಂದೇ ಹೆಂಗ ಇರ್ತದ?" ಆಮೇಲೆ ನನ್ನ ಕಡೆ ತಿರುಗಿದರು. "ಅಳಬ್ಯಾಡವಾ. ನಿನ್ನ ಈಮಾನ್ ಎಲ್ಲೂ ಹೋಗಿಲ್ಲ. ಇಲ್ಲದವರು ಅದು ಕಳದೀತಂತ ಅಳ್ತಾರೇನು?"

ಉಮ್ಮ ಬಿಸಿ ಪತ್ತಿರ್, ಕೋಳಿ ಸಾರು ತಂದಿಟ್ಟಳು. ನಾಝ್ನೀನ್ ಕೇಳದೇ ಬಂದು ನನ್ನ ಬಟ್ಟಲಿಗೇ ಕೈ ಹಾಕಿದಳು. ನಾನು ಸರಿದು ಜಾಗ ಕೊಟ್ಟೆ.

ಅಂದಿನಿಂದ ಪಾಠ ನಮ್ಮ ಮನೆಯಲ್ಲೇ ನಡೆಯಿತು. ಶುಕ್ರವಾರ ಉಪ್ಪನೂ ಕೂರುತ್ತಿದ್ದರು. ಸೃಷ್ಟಿಸುವುದು ದೇವರ ಬೇರೆಯೇ ಒಂದು ಗುಣ ಎಂದು ದಾದಾ, ಅದು ಅವನ ಶಕ್ತಿಯೊಳಗೇ ಬಂತಲ್ಲ ಎಂದು ಉಪ್ಪ. ದನಿ ಏರುತ್ತಿತ್ತು, ಚಹಾ ಆರುತ್ತಿತ್ತು, ಕೊನೆಗೆ ಇಬ್ಬರೂ ನಗುತ್ತಿದ್ದರು. ಒಂದು ಸಂಜೆ ದಾದಾ ನಮ್ಮನ್ನು ಪಕ್ಕದ ಮಸೀದಿಯ ಅಂಗಳಕ್ಕೆ ಕರೆದೊಯ್ದು, ತಮ್ಮ ಪುಸ್ತಕದ ಅರಬಿಯಲ್ಲಿ ಅಲ್ಲಿನ ಇಮಾಮರನ್ನು ಮಾತಾಡಿಸಿದರು. ಆ ಕುವೈತಿ ಹಿರಿಯರು ನಮ್ಮ ಕೈಗೆ ಖರ್ಜೂರವಿಟ್ಟು ಏನೋ ಹೇಳಿದರು. "ಇವರು ಅಸರಿ ದಾರಿಯವರು," ಎಂದು ದಾದಾ ತಿಳಿಸಿದರು. "ಗ್ರಂಥದಾಗ ದೇವರು ತನ್ನ ಬಗ್ಗೆ ಏನು ಹೇಳ್ಯಾನೋ ಹಂಗೇ ಒಪ್ಕೋರಿ, ಹೆಂಗ ಏನು ಅಂತ ಬಿಡಿಸಾಕ ಹೋಗಬ್ಯಾಡ್ರಿ ಅಂತಾರ." ಅದೂ ನನಗೆ ಸರಿಯೆನಿಸಿತು. ಖರ್ಜೂರ ಬಹಳ ಸಿಹಿಯಿತ್ತು.

ಶಾಲೆ ಶುರುವಾಗುವ ಮೊದಲು ದಾದಾ ಬಿಜಾಪುರಕ್ಕೆ ಮರಳಿದರು. ಮತ್ತೆ ಅವರನ್ನು ನಾವು ನೋಡಲಿಲ್ಲ.

ಈಗ ಆ ಕಟ್ಟಡವಿಲ್ಲ, ಉಪ್ಪನೂ ಇಲ್ಲ. ಒಂದು ಮಗುವಿನ ಮನಸ್ಸು ನೊಂದಿತೆಂದು ಮೆಟ್ಟಿಲಿಳಿದು ಬರುವ ಹಿರಿಯರು ಕಡಿಮೆ. ಯಾರು ದಾರಿ ತಪ್ಪಿದವರೆಂದು ಫೋನೇ ತೀರ್ಪು ಕೊಡುತ್ತದೆ. ಅದಕ್ಕೆ ಚಹಾ ಕೊಟ್ಟು ಎದುರು ಕೂರಿಸಿಕೊಳ್ಳುವ ಹಾಗಿಲ್ಲ. ನಾನು ಇಲ್ಲೇ ಕುವೈತಿನಲ್ಲಿ ವಾರಕ್ಕೊಮ್ಮೆ ನಮ್ಮ ಕಡೆಯ ಮಕ್ಕಳಿಗೆ ಪಾಠ ಹೇಳುತ್ತೇನೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಮೊನ್ನೆ ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ಮೈ ಡ್ಯಾಡ್ ಹೇಳೋದೇ ಬೇರೆ," ಎಂದಳು. ಉಳಿದವರು ನನ್ನ ಮುಖ ನೋಡಿದರು.

"ಮುಂದಿನ ವಾರ ಅವರನ್ನೂ ಕರೆದುಕೊಂಡು ಬಾ," ಎಂದೆ.

ಅವರು ಬಂದರು. ಮಕ್ಕಳ ಸಾಲಿನಲ್ಲೇ ಕಾಲು ಮಡಚಿ ಕೂತರು.