ಹಂಸಭಾವಿಯಲ್ಲಿ ಇಳಿದ ಮಿಸ್ತ್ರಿ

ಅಥವಾ ಅವನು ಬಸ್ಸಿನ ಸದ್ದನ್ನು ಎಡಗಿವಿಯನ್ನಲ್ಲ, ಬಲಗಿವಿಯನ್ನು ಬಾಗಿಸಿ ಕೇಳುತ್ತಿದ್ದನೋ ಏನೋ. ಈ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಹಾನಗಲ್ಲಿನಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಅವನು. ಯುದ್ಧದ ಕಾಲ, ಹೊಸ ಬಿಡಿಭಾಗಗಳು ಬರುತ್ತಿರಲಿಲ್ಲ. ಒಂದು ಗಾಡಿಯದನ್ನು ಇನ್ನೊಂದಕ್ಕೆ ಹಾಕಿ, "ಕುಂತೈತಿ, ಹೊಂದಿಲ್ಲ" ಎನ್ನುತ್ತಿದ್ದ. ಹಾಗೆ ಹೊಂದದ್ದನ್ನು ಹಾಕಿದ ದಿನ ತಾನೂ ಅದೇ ಬಸ್ಸಿನಲ್ಲಿ ಕೊನೆಯ ಊರಿನವರೆಗೆ ಹೋಗುವುದು ಅವನ ರೂಢಿ.

ಅಂದು ಸ್ಟಿಯರಿಂಗಿಗೆ ಲಾರಿಯ ಬೋಲ್ಟು ಹಾಕಿದ್ದ. ನಾನು ತುಂಬು ಬಸುರಿ ಅಕ್ಕನನ್ನು ಆ ಬಸ್ಸಿನ ಕೊನೆಯ ಊರಾದ ಹಿರೇಕೆರೂರಿಗೆ ಕರೆದೊಯ್ಯುತ್ತಿದ್ದೆ. ಅವನು ಹತ್ತಿ ಡ್ರೈವರನ ಪಕ್ಕ ಕುಳಿತ.

"ನೀವು ಹತ್ತಿದ್ರಿ ಅಂದ್ರ ನಮಗ ಜೀವದಾಗ ಜೀವ ಇರೂದಿಲ್ರಿ, ಮಿಸ್ತ್ರಿ," ಎಂದ ಹಿಂದಿನ ಸೀಟಿನ ಮುದುಕ.

"ನಾ ಹತ್ತಲಿಲ್ಲಂದ್ರ ಅಂಜ್ರಿ, ಅಜ್ಜಾರ."

ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚಿ, ಸ್ಟಿಯರಿಂಗಿನ ಕಂಬಕ್ಕೆ ಅಂಗೈ ಒತ್ತಿ ಕಿವಿಗೊಡುತ್ತಿದ್ದ. ಹಂಸಭಾವಿ ಬಂದಾಗ ಇಳಿದುಬಿಟ್ಟ. ಮುಂದೆ ಕೆರೆ ಏರಿಯ ಮೇಲಿನ ದಾರಿ ಇತ್ತು.

"ಹೊಂದೇತೇನ್ರಿ?" ಅಕ್ಕ ಕಿಟಕಿಯಿಂದ ಕೇಳಿದಳು.

ಅವನು ಎಣ್ಣೆಗೈಯನ್ನು ಧೋತರಕ್ಕೆ ಒರೆಸಿಕೊಂಡ. "ಹೋಗಿ ಬರ್ರಿ, ತಂಗೆವ್ವ."

ಬಸ್ಸು ಹೊರಟೇಬಿಟ್ಟಿತು. ಏರಿಯ ಮೇಲೆ ಅಕ್ಕ ಒಂದು ಕೈಯಿಂದ ಹೊಟ್ಟೆಯನ್ನೂ ಇನ್ನೊಂದರಿಂದ ನನ್ನ ತೋಳನ್ನೂ ಬಿಗಿಯಾಗಿ ಹಿಡಿದಿದ್ದಳು.

ನಾವು ಊರು ಮುಟ್ಟಿದೆವು. ಬೋಲ್ಟು ಹೊಂದಿತೆಂದು ಅವನು ಇಳಿದನೋ, ಇನ್ನು ಹೊಂದುವುದಿಲ್ಲವೆಂದು ತಿಳಿದು ಇಳಿದನೋ, ನನಗೆ ಗೊತ್ತಿಲ್ಲ.