ಬ್ರೇಕ್ ಇಲ್ಲದ ಒಂದು ವರ್ಷ

ಮುಕಾದಮರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಅಂಗಿ ಹೊಸದಿರಲಿ ಹಳೆಯದಿರಲಿ, ಬಲತೋಳು ಮುಂಗೈ ದಾಟಿ ಇಳಿಯುತ್ತಿತ್ತು. ಅದೊಂದನ್ನು ಹೆಚ್ಚಿಗೆ ಒಂದು ಸುತ್ತು ಮಡಚಿಕೊಳ್ಳುತ್ತಿದ್ದರು. ಆ ಭುಜದ ಮೇಲೆ ಅಂಗೈಯಗಲ ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು. ಸೊಳ್ಳೆ ಕಚ್ಚಿದರೂ ಗೊತ್ತಾಗುವುದಿಲ್ಲ ಎಂದು ನಗುತ್ತಿದ್ದರು. ನಾನಾದರೋ ಸೊಳ್ಳೆಯ ಸದ್ದು ಕೇಳಿದರೇ ಡೆಂಗ್ಯೂ ಬಂತೆಂದು ಹಣೆ ಮುಟ್ಟಿ ನೋಡಿಕೊಳ್ಳುವವನು. ಇಂಥ ನಾವಿಬ್ಬರು ಹದಿನೆಂಟು ವರ್ಷ ಒಂದೇ ಗೇಟಿನೊಳಗೆ ದುಡಿದೆವು.

ಮುಂಬಯಿ ಬಳಿಯ ಅಂಬರನಾಥದಲ್ಲಿ ಪ್ಲಾಸ್ಟಿಕ್ ಡ್ರಮ್ ಮಾಡುವ ಕಾರ್ಖಾನೆ ನಮ್ಮದು. ನಾನು ಟೈಮ್ ಆಫೀಸಿನ ಗುಮಾಸ್ತ. ಯಾರು ಬಂದರು, ಯಾರು ಬರಲಿಲ್ಲ, ಯಾರು ಎಂದು ಸೇರಿದರು ಎಂದು ಬರೆಯುವುದು ನನ್ನ ಕೆಲಸ. ಅವರು ಲಾರಿಗೆ ಡ್ರಮ್ ತುಂಬುವ ನಲವತ್ತು ಹಮಾಲರ ಮುಂದಾಳು. ಹಾಗಾಗಿ ಎಲ್ಲರ ಬಾಯಲ್ಲೂ ಮುಕಾದಮ್. ಕಲಬುರಗಿ ಕಡೆಯವರು. ವಿಠ್ಠಲವಾಡಿಯ ಚಾಳಿನಲ್ಲಿ ಎರಡು ಖೋಲಿ ಹಿಡಿದಿದ್ದರು. ಒಂದರಲ್ಲಿ ಗಂಡ ಹೆಂಡತಿ, ಇನ್ನೊಂದರಲ್ಲಿ ಊರಿನ ಹದಿನಾಲ್ಕು ಜನ. ಅಷ್ಟು ಮಂದಿಗೂ ರೊಟ್ಟಿ ಬಡಿಯುತ್ತಿದ್ದವರು ಅವರ ಹೆಂಡತಿ. ಇಬ್ಬರ ಭಾಷೆಯೂ ಕನ್ನಡವೇ ಆದರೂ ಮೊದಲ ಒಂದು ತಿಂಗಳು ನಾವು ಹಿಂದಿಯಲ್ಲಿ ಮಾತಾಡಿದ್ದೆವು. ನಾನು ಉಡುಪಿ ಕಡೆಯವನು, ಮನೆ ಡೊಂಬಿವಲಿಯಲ್ಲಿ ಎಂದು ತಿಳಿದ ದಿನದಿಂದ ನನಗೆ ‘ಇಡ್ಲಿ ಸಾಹೇಬ್ರು’ ಎಂಬ ಹೆಸರು ಬಿತ್ತು.

ಡ್ರಮ್ಮನ್ನು ಎತ್ತುವ ಮೊದಲು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ಕಿವಿಗೊಡುತ್ತಿದ್ದರು. ಸದ್ದು ಸರಿಯಿಲ್ಲದಿದ್ದರೆ ಪಕ್ಕಕ್ಕಿಡುವುದು. ತಪಾಸಣೆಯ ಕೋಣೆಯಲ್ಲಿ ಪಾಸಾಗಿ ಬಂದ ಡ್ರಮ್ಮುಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಹಾಗೆ ಎಷ್ಟೋ ಸಲ ಸಿಕ್ಕಿತು. ಮ್ಯಾನೇಜರು ಬೆನ್ನು ತಟ್ಟಿದರು. ಅವರ ಕಾರ್ಡು ಮಾತ್ರ ಗುತ್ತಿಗೆಯದೇ ಉಳಿಯಿತು.

ಗುತ್ತಿಗೆಯವರಿಗೆ ನಮ್ಮಲ್ಲೊಂದು ಪದ್ಧತಿ ಇತ್ತು, ಬ್ರೇಕ್. ಆರೇಳು ತಿಂಗಳಾಗುತ್ತಲೇ ಎಂಟು ದಿನ ಕೆಲಸ ಬಿಡಿಸುವುದು. ಒಂಬತ್ತನೆಯ ದಿನ ಹೊಸ ಕಾರ್ಡು, ಹೊಸ ನಂಬರು, ಹೊಸ ಸೇರ್ಪಡೆಯ ತಾರೀಕು. ಎಡೆಬಿಡದೆ ದುಡಿದವರು ಕಾಯಂ ಮಾಡಿ ಎಂದು ಕೇಳಿಯಾರೆಂಬ ಭಯಕ್ಕೆ ಈ ಏರ್ಪಾಡು. ಗುತ್ತಿಗೆದಾರರು ಎರಡು ಕಂಪನಿ ಇಟ್ಟುಕೊಂಡಿದ್ದರು, ಒಂದು ತಮ್ಮ ಹೆಸರಿನದು, ಇನ್ನೊಂದು ಹೆಂಡತಿಯ ಹೆಸರಿನದು. ಬ್ರೇಕ್ ಆದಾಗಲೆಲ್ಲ ಜನ ಇದರಿಂದ ಅದಕ್ಕೆ ದಾಟುತ್ತಿದ್ದರು. “ಆರು ತಿಂಗಳ ಸೇಠನ ಮಂದಿ, ಆರು ತಿಂಗಳ ಸೇಠಾಣಿ ಮಂದಿ. ಮೈ ಅಷ್ಟೇ ನಮ್ದರಿ” ಎನ್ನುತ್ತಿದ್ದರು ಮುಕಾದಮರು.

ಬ್ರೇಕಿನಲ್ಲೂ ಅವರು ಊರಿಗೆ ಹೋದವರಲ್ಲ. ಗೇಟಿನೆದುರಿನ ಚಹಾ ಟಪರಿಯಲ್ಲಿ ಕೂತಿರುತ್ತಿದ್ದರು. ಒಮ್ಮೆ ದಿನಗೂಲಿಯವರು ನಿಲ್ಲುವ ನಾಕಾದಿಂದ ಹಿಡಿದು ತಂದ ಬದಲಿ ಆಳುಗಳು ಲಾರಿ ತುಂಬುತ್ತಿದ್ದಾಗ ಡ್ರಮ್ಮಿನ ಸಾಲು ವಾಲತೊಡಗಿತು. ಮುಕಾದಮರು ರಸ್ತೆ ದಾಟಿ ಓಡಿ ಬಂದವರು ಗೇಟಿನ ಹಳಿಯ ಆಚೆಯೇ ಗಕ್ಕನೆ ನಿಂತರು. ಅಲ್ಲಿಂದಲೇ ಕೂಗಿ ಕೂಗಿ ಕೆಳಗಿನ ಸಾಲಿಗೆ ಹಗ್ಗ ಹಾಕಿಸಿ ಇಡೀ ಲಾರಿ ತುಂಬಿಸಿದರು. ಒಳಗೆ ಬನ್ನಿ ಮಾರಾಯ್ರೆ ಎಂದು ನಾನು ಕರೆದರೆ, ಕಾಲಿಟ್ಟರೆ ಬ್ರೇಕ್ ಮುರಿಯುತ್ತದೆ, ನಿಮಗೇ ತ್ರಾಸು ಎಂದರು. ಮ್ಯಾನೇಜರು ಗೇಟಿನ ಹೊರಗೇ ಚಹಾ ಕಳಿಸಿದರು. ಆಗ ನಾನು ನಕ್ಕಿದ್ದೆ.

ಲಾಕ್‌ಡೌನ್ ಮುಗಿದು ಕಾರ್ಖಾನೆ ತೆರೆದಾಗ ಡ್ರಮ್ ಮಾಡುವ ಮೂರು ಲೈನುಗಳಲ್ಲಿ ಓಡಿದ್ದು ಒಂದೇ. ಎರಡನೆಯದು ಕೆಮ್ಮುತ್ತ ಕ್ಯಾಕರಿಸುತ್ತ ಶುರುವಾಗಲು ವರ್ಷಗಳು ಹಿಡಿದವು. ಮುಂಬ್ರಾದಿಂದ, ಕಲ್ಯಾಣದಿಂದ ಬಂದವರು ಬೆಳಗ್ಗೆ ಕೆಲಸ ಕೇಳಿ ಗೇಟಿನ ಬಳಿ ನಿಲ್ಲುತ್ತಿದ್ದರು. ನಾನು ಕಿಟಕಿಯಿಂದ ಇಲ್ಲವೆಂದು ತಲೆಯಾಡಿಸಿ ಕಳಿಸುತ್ತಿದ್ದೆ. ಅದೇ ಹೊತ್ತಿಗೆ ನವಿ ಮುಂಬಯಿಯ ಹೆಡ್ ಆಫೀಸಿನಿಂದ ಒಂದು ಫಾರಂ ಬಂತು. ಈ ತಿಂಗಳು ಹೊಸದಾಗಿ ಕೆಲಸಕ್ಕೆ ತೆಗೆದುಕೊಂಡವರೆಷ್ಟು, ತಿಂಗಳು ತಿಂಗಳು ತಿಳಿಸಿ. ಬಿಟ್ಟವರೆಷ್ಟು ಎಂಬ ಕಾಲಂ ಅದರಲ್ಲಿರಲಿಲ್ಲ.

ಬ್ರೇಕ್ ಮುಗಿಸಿ ಬಂದವರನ್ನೆಲ್ಲ ನಾನು ಅದರಲ್ಲಿ ತುಂಬಿದೆ. ಸುಳ್ಳೇನಲ್ಲ, ಕಾರ್ಡು ಹೊಸದು, ತಾರೀಕು ಹೊಸದು ಎಂದು ನನಗೆ ನಾನೇ ಹೇಳಿಕೊಂಡೆ. ಬೆರಳೊತ್ತುವ ಹಾಜರಿ ಯಂತ್ರ ಬಂದು ನನ್ನ ಕುರ್ಚಿ ಹೋಗುತ್ತದೆಂಬ ಚಿಂತೆಯಲ್ಲಿ ಆಗಲೇ ಅರ್ಧ ಕೂದಲು ಉದುರಿತ್ತು. ನೌಕರಿ ಬೆಳೆಯುತ್ತಿರುವ ಕಾರ್ಖಾನೆಯ ಟೈಮ್ ಆಫೀಸನ್ನು ಯಾರು ಮುಚ್ಚುತ್ತಾರೆ? ಎರಡು ವರ್ಷದಲ್ಲಿ ನಮ್ಮ ಘಟಕದ ಹೊಸ ನೇಮಕ ನೂರರವತ್ತು ಮುಟ್ಟಿತು. ಹೆಡ್ ಆಫೀಸಿಗೆ ಕರೆಸಿ ನನಗೊಂದು ಸ್ಟೀಲ್ ಬಾಟಲಿಯನ್ನೂ ಪ್ರಶಂಸಾಪತ್ರವನ್ನೂ ಕೊಟ್ಟರು. ಮುಕಾದಮರಿಗೆ ತೋರಿಸಿದೆ.

“ನೂರರವತ್ತು ಮಂದಿ ಎಲ್ಲಿ ಮಲಗ್ತಾರ್ರಿ ಸಾಹೇಬ್ರ?” ಎಂದರು. “ನನ್ನ ಖೋಲ್ಯಾಗ ಇನ್ನಾ ಅವರೇ ಹದಿನಾಲ್ಕು ಅದಾರಲ್ಲ.”

ಬಾಟಲಿಯನ್ನು ಮನೆಯಲ್ಲಿ ಕಪಾಟಿನ ಹಿಂದೆ ಇಟ್ಟೆ. ಫಾರಂ ತುಂಬುವುದನ್ನು ನಿಲ್ಲಿಸಲಿಲ್ಲ.

ಕಳೆದ ವರ್ಷ ನೋಟೀಸು ಬಂತು. ಲೋಡಿಂಗಿನಲ್ಲಿ ಆರು ಜನರನ್ನು ಕಾಯಂ ಮಾಡುತ್ತಾರೆ. ಮೂರು ವರ್ಷ ಸತತ ಸೇವೆ ಆಗಿರಬೇಕು. ಅಂದು ಮಧ್ಯಾಹ್ನ ಮುಕಾದಮರು ನನ್ನ ಕಿಟಕಿಗೆ ಬಂದರು. ಊರಿನ ಯಾರಿಗೋ ಕೆಲಸ ಕೇಳಲು ಬಂದರೆಂದುಕೊಂಡೆ. ತಮಗಾಗಿ ಅವರು ಏನನ್ನೂ ಕೇಳಿದವರಲ್ಲ.

“ನನ್ನ ಹೆಸರು ಒಂದು ಕಳಸ್ರಿ” ಎಂದರು. “ಪಗಾರ ಹೆಚ್ಚು ಬ್ಯಾಡ್ರಿ. ಭುಜ ಮೇಲಕ್ಕ ಏಳವಲ್ದು. ಬ್ರೇಕ್ ಇಲ್ಲದ ಒಂದು ವರ್ಷ ಕೊಟ್ರ ಸಾಕು, ಮನುಷ್ಯಾ ಒಂದು ಕಡಿ ಕುಂತಂಗ ಆಗ್ತದ.”

“ನೋಡುವ ಮಾರಾಯ್ರೆ” ಎಂದೆ. ನಮ್ಮ ಕಡೆ ಈ ಮಾತಿಗೆ ಅರ್ಥ ‘ಆಗುವುದಿಲ್ಲ’ ಎಂದು. ಅವರು ಅದನ್ನು ಭರವಸೆ ಎಂದುಕೊಂಡರು.

ಹಳೆಯ ಹಾಜರಿ ಪುಸ್ತಕಗಳೆಲ್ಲ ನನ್ನ ಬೀರುವಿನಲ್ಲೇ ಇದ್ದವು. ಇವರು ಹದಿನೆಂಟು ವರ್ಷದಿಂದ ಇಲ್ಲೇ ಇದ್ದಾರೆ ಎಂದು ಅವುಗಳಿಂದ ತೋರಿಸಬಹುದಿತ್ತು. ತೋರಿಸಿದರೆ ನನ್ನ ನೂರರವತ್ತು ಹೊಸಬರು ಯಾರೆಂಬುದೂ ಬಯಲಾಗುತ್ತಿತ್ತು. ನಾನು ಎರಡು ವಾರ ಚಿಂತಿಸಿದೆ. ಚಿಂತೆ ಮಾಡುವುದನ್ನೇ ಏನೋ ಮಾಡಿದಂತೆ ಎಂದು ತಿಳಿಯುವುದು ನನ್ನ ಹಳೆಯ ಚಾಳಿ. ಗಡುವು ಮುಗಿಯಿತು. ಕಂಪನಿಯ ಬೇರೆ ಘಟಕದ ಆರು ಜನ ಆಯ್ಕೆಯಾದರು. ಮುಕಾದಮರು ಕಿಟಕಿಯೆದುರು ಹಾದುಹೋಗುವಾಗ ಎಂದಿನಂತೆ ಕೈಯೆತ್ತಿದರು, ಎಡಗೈ. ಅದೇ ವಾರ ಬ್ರೇಕಿಗೆ ಹೋದರು. ಒಂಬತ್ತನೆಯ ದಿನ ಬಂದಾಗ ನಾನು ಹೊಸ ಕಾರ್ಡು ಬರೆದುಕೊಟ್ಟೆ.

ಹನ್ನೊಂದು ದಿನ ಕಳೆದು, ಬೆಳಗಿನ ಪಾಳಿಗೆ ಬರುತ್ತಿದ್ದವರು ಅಂಬರನಾಥ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು.

ಹೆಡ್ ಆಫೀಸಿನಿಂದ ಫೋನು ಬಂತು. ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯ ದನಿ. ನಮ್ಮಲ್ಲಿ ಎಷ್ಟು ಕಾಲದಿಂದ ಇದ್ದರು ಎಂದು ಹಿಂದಿಯಲ್ಲಿ ಕೇಳಿದಳು. ಕಾರ್ಡು ಮುಂದಿತ್ತು. ನಾನು ಅದನ್ನು ನೋಡಿ ಓದಿದೆ. ಹನ್ನೊಂದು ದಿನ.

ಅಯ್ಯೋ ಪಾಪ, ಹೊಸಬರಾ, ಎಂದಳು.

ಹೌದು ಎಂದೆ. ಆ ‘ಹೌದು’ ನನ್ನ ಬಾಯಿಂದಲೇ ಬಂತೆಂಬುದನ್ನು ಈಗಲೂ ನಂಬಲಾಗುವುದಿಲ್ಲ.

ಮೂರನೆಯ ದಿನ ವಿಠ್ಠಲವಾಡಿಗೆ ಹೋದೆ. ಚಾಳಿನ ಓಣಿಯುದ್ದಕ್ಕೂ ಅವರ ಹಮಾಲರು ಕೂತಿದ್ದರು. ಎಲ್ಲರೂ ನನ್ನ ಲೆಕ್ಕದ ಹೊಸಬರು. ಮುಕಾದಮರ ಹೆಂಡತಿ ಎದ್ದು ಬಂದರು.

“ಅಣ್ಣಾ, ಇವರು ನಿಮ್ಮ ಕಡಿ ಎಷ್ಟು ವರ್ಷ ದುಡದಾರ ಅಂತ ಬರದು ಕೊಡು” ಎಂದರು. “ಯಾರೋ ಇವರನ್ನ ಹೊಸಬ ಅಂತ ಅಂದ್ರಂತ.”

ಆ ‘ಯಾರೋ’ ನಾನೇ ಎಂದು ಹೇಳುವ ಧೈರ್ಯ ಅಂದು ಬರಲಿಲ್ಲ. ಮರುದಿನ ಬೀರು ತೆಗೆದು ಹಾಜರಿ ಪುಸ್ತಕಗಳನ್ನೆಲ್ಲ ನೆಲಕ್ಕೆ ಹರಡಿಕೊಂಡು ಕೂತೆ. ಒಂದೇ ಹೆಸರು, ಮೂವತ್ತೊಂದು ಕಾರ್ಡು, ಎಲ್ಲ ನನ್ನದೇ ದುಂಡಗಿನ ಅಕ್ಷರ. ಒಬ್ಬ ಮನುಷ್ಯನನ್ನು ನಾನು ಮೂವತ್ತೊಂದು ಸಲ ಹೊಸಬನನ್ನಾಗಿ ಮಾಡಿದ್ದೆ. ಅವನ್ನೆಲ್ಲ ಒಂದರ ಕೆಳಗೊಂದು ಬರೆದು, ಒಟ್ಟು ಹದಿನೆಂಟು ವರ್ಷ ಎಂದು ಕೂಡಿಸಿ, ನಾನು ಕಳಿಸಿದ ನೂರರವತ್ತು ನೇಮಕಗಳು ಇದೇ ನಲವತ್ತು ಜನ ಎಂದೂ ಸೇರಿಸಿ, ಸಹಿ ಹಾಕಿ ಒಂದು ಪ್ರತಿ ಹೆಡ್ ಆಫೀಸಿಗೆ ಕಳಿಸಿದೆ. ಸೋಮವಾರ ಬಂದು ಕಾಣಬೇಕೆಂದು ಕರೆ ಬಂದಿದೆ. ಸ್ಟೀಲ್ ಬಾಟಲಿ ಕೊಡಲು ಅಲ್ಲವೆಂಬುದು ಗೊತ್ತು.

ಇನ್ನೊಂದು ಪ್ರತಿಯನ್ನು ವಿಠ್ಠಲವಾಡಿಗೆ ಒಯ್ದು ಮುಕಾದಮರ ಹೆಂಡತಿಯ ಕೈಗೆ ಕೊಟ್ಟೆ. ಆ ಯಾರೋ ನಾನೇ ಎಂಬುದನ್ನೂ ಹೇಳಿದೆ. ಅವರು ಓದು ಬಾರದವರು. ಕಾಗದವನ್ನು ನನ್ನ ಮುಂದೆ ಹಿಡಿದು, ಹದಿನೆಂಟು ಎಲ್ಲಿ ಬರೆದಿದೆ, ತೋರಿಸು ಎಂದರು. ತೋರಿಸಿದೆ. ಹಿಟ್ಟು ಮೆತ್ತಿದ ಬೆರಳನ್ನು ಸೀರೆಗೆ ಒರೆಸಿಕೊಂಡು ಅದರ ಮೇಲಿಟ್ಟರು. ನಾನು ಹೊರಟು ಚಪ್ಪಲಿ ಮೆಟ್ಟುವಾಗಲೂ ಆ ಬೆರಳು ಅಲ್ಲೇ ಇತ್ತು.